ಕೇಶವ ಎಲ್ಲಿ ಹೋದ? ಫೋಟೋ ಇಲ್ಲದ ದೇವರಿಗೆ ವಾಪಸ್ ಟಿಕೆಟ್ ಇಲ್ಲ

ಸೋಮನಾಥಪುರಕ್ಕೆ ಹೋದವರು ಮೂರು ಗರ್ಭಗುಡಿ ನೋಡಿಕೊಂಡು ಬರುತ್ತಾರೆ. ಒಂದು ಕಡೆ ಜನಾರ್ದನ, ಇನ್ನೊಂದು ಕಡೆ ವೇಣುಗೋಪಾಲ, ಎದುರಿಗೆ ಕೇಶವ. ದೇವಸ್ಥಾನಕ್ಕೆ ಹೆಸರು ಕೊಟ್ಟವನೇ ಈ ಕೇಶವ. ಆದರೆ ಈಗ ಅಲ್ಲಿ ನಿಂತಿರೋ ಕೇಶವ ಹೊಯ್ಸಳರ ಕಾಲದ ಕೇಶವ ಅಲ್ಲ. ಮೂಲ ವಿಗ್ರಹ ಇಲ್ಲ. ಇರೋದು ಆಮೇಲೆ ತಂದು ನಿಲ್ಲಿಸಿದ್ದು.

ಹಾಗಾದರೆ ಅಸಲಿ ಕೇಶವ ಎಲ್ಲಿ? ಒಬ್ಬ ದಂಡಿನವರು ಒಡೆದರು ಅಂತಾನೆ. ಇನ್ನೊಬ್ಬ ಇಂಗ್ಲಿಷರು ಹಡಗಿಗೆ ಹಾಕಿಕೊಂಡು ಹೋದರು ಅಂತಾನೆ. ಯಾವ ಹಡಗು, ಯಾವ ವರ್ಷ, ಕೇಳಿದರೆ ಉತ್ತರವಿಲ್ಲ. ಬಾಯಿಮಾತಿಗೆ ಪಹಣಿ ಇಲ್ಲವಲ್ಲ! ನಾಳೆ ಬೆಳಿಗ್ಗೆ ಯಾವುದೋ ಪರದೇಶದ ಮ್ಯೂಸಿಯಂನಲ್ಲಿ ಒಂದು ಕೇಶವ ವಿಗ್ರಹ ಕಂಡು, ಇದು ನಮ್ಮದೇ ಅಂತ ಟಿ. ನರಸೀಪುರ ತಾಲ್ಲೂಕಿನ ಸಮಸ್ತ ಜನ ಎದ್ದು ನಿಂತರೂ, ಅಲ್ಲಿಯವರು ಕೇಳೋದು ಒಂದೇ ಮಾತು: ಸಾಕ್ಷಿ ಏನಿದೆ?

ಓದುಗ ಮಹಾಶಯರೇ, ಇವತ್ತಿನ ವಿಷಯ ಇದೇ. ದೇವರ ಕಳ್ಳಸಾಗಣೆ. ದೇಶ ದೇಶಗಳ ನಡುವೆ ಇದಕ್ಕೊಂದು ಒಪ್ಪಂದ ಇದೆ, ದೆಹಲಿಯಲ್ಲಿ ಕಾಯಿದೆ ಇದೆ, ಅಮೆರಿಕದಲ್ಲಿ ಅದಕ್ಕೆಂದೇ ಪೊಲೀಸು ಪಡೆ ಇದೆ. ಇಷ್ಟೆಲ್ಲ ಇದ್ದೂ ನಮ್ಮ ಹೋಬಳಿಯ ಒಂದು ಕಂಚಿನ ಉತ್ಸವಮೂರ್ತಿ ಕಳೆದರೆ ವಾಪಸ್ ಬರುತ್ತದೋ ಇಲ್ಲವೋ ಅನ್ನೋದು ತೀರ್ಮಾನ ಆಗೋದು ನ್ಯೂಯಾರ್ಕಿನಲ್ಲಲ್ಲ. ಇಲ್ಲೇ, ನಂಜನಗೂಡು–ನರಸೀಪುರ ಬಸ್ಸು ಓಡಾಡೋ ದಾರಿಯ ಅಕ್ಕಪಕ್ಕದ ಊರುಗಳಲ್ಲಿ.

ಸೋಮನಾಥಪುರದ ಮಾತಿಗೇ ಬರೋಣ. ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಕಟ್ಟಿಸಿದ ಗುಡಿ ಇದು. ಸುತ್ತ 64 ಗೂಡುಗಳ ಕೈಸಾಲೆ. ಕಲ್ಲಿನ ಮೇಲೆ ಕೆತ್ತಿದವನೇ ತನ್ನ ಹೆಸರು ಹಾಕಿಕೊಂಡಿದ್ದಾನೆ. ಮಲ್ಲಿತಮ್ಮ ಅಂತ ಹುಡುಕಿ, ಸಿಗುತ್ತದೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡಿನ ಜೊತೆ ಇದೂ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಬನ್ನೂರು ಕಡೆಯ ಟೀ ಅಂಗಡಿಗಳಿಗೆ ವ್ಯಾಪಾರ ಬಂತು, ಸಂತೋಷ. ಅಲ್ಲಿ ಕಾವಲಿದೆ, ಬೇಲಿ ಇದೆ, ಟಿಕೆಟ್ಟಿದೆ. 1917ರಷ್ಟು ಹಿಂದೆಯೇ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಈ ದೇವಸ್ಥಾನದ ಮೇಲೆ ಒಂದು ಪುಸ್ತಕವನ್ನೇ ಬರೆದು ಇಟ್ಟಿದ್ದಾರೆ. ಇವತ್ತು ಅಲ್ಲಿಂದ ಯಾರಾದರೂ ಒಂದು ದೇವರನ್ನು ಕಿತ್ತುಕೊಂಡು ಹೋದರೆ ಜಗತ್ತಿಗೇ ಗೊತ್ತಾಗುತ್ತದೆ. ಅಷ್ಟು ಪ್ರಸಿದ್ಧ ಮಾಲನ್ನು ಮಾರೋದು ಕಷ್ಟ. ಕಳ್ಳನಿಗೆ ಅದು ಗೊತ್ತು.

ಕಳ್ಳನಿಗೆ ಬೇಕಾಗಿರೋದು ಹೆಸರಿಲ್ಲದ ಊರಿನ ಹೆಸರಿಲ್ಲದ ದೇವರು. ವಾರಕ್ಕೊಮ್ಮೆ ಬಾಗಿಲು ತೆಗೆಯೋ ಗುಡಿ. ಅರ್ಚಕರು ಮೈಸೂರಿನಲ್ಲಿ ಕೆಲಸ ಹಿಡಿದು ಸೋಮವಾರ ಮಾತ್ರ ಬಂದು ದೀಪ ಹಚ್ಚೋ ಗುಡಿ.

ನಟರಾಜನ ಪ್ರವಾಸ

ತಮಿಳುನಾಡಿನ ಅರಿಯಲೂರು ಜಿಲ್ಲೆಯ ಶ್ರೀಪುರಂದಾನ್ ಅನ್ನೋ ಹಳ್ಳಿಯ ಕಥೆ ಕೇಳಿ. ಚೋಳರ ಕಾಲದ ಶಿವಾಲಯ. ನಿತ್ಯಪೂಜೆ ನಿಂತುಹೋಗಿತ್ತು. 2006ರ ಸುಮಾರಿಗೆ ಕಳ್ಳರು ಕಂಚಿನ ವಿಗ್ರಹಗಳನ್ನು ಸಾಗಿಸಿದರು. ಊರಿಗೆ ಗೊತ್ತಾಗಿದ್ದು ಯಾವಾಗ ಅಂದುಕೊಂಡಿರಿ? 2008ರಲ್ಲಿ. ಅದೂ ಇರೋ ವಿಗ್ರಹಗಳನ್ನು ಭದ್ರವಾದ ಜಾಗಕ್ಕೆ ಒಯ್ಯೋಣ ಅಂತ ಅಧಿಕಾರಿಗಳು ಬಂದು ಬಾಗಿಲು ತೆಗೆದಾಗ! ಎರಡು ವರ್ಷ ದೇವರಿಲ್ಲದ ಗುಡಿಗೆ ಬೀಗ ಹಾಕಿಕೊಂಡು ಊರು ನೆಮ್ಮದಿಯಾಗಿ ಮಲಗಿತ್ತು.

ಅಷ್ಟರಲ್ಲಿ ಅಲ್ಲಿಯ ನಟರಾಜ ಸಮುದ್ರ ದಾಟಿ ಆಗಿತ್ತು. ನ್ಯೂಯಾರ್ಕಿನಲ್ಲಿ ಸುಭಾಷ್ ಕಪೂರ್ ಅನ್ನೋನ ಕಲಾ ಅಂಗಡಿ. ಹಳೇ ವಿಗ್ರಹಗಳನ್ನು ಹೊಸ ಕರಕುಶಲ ಸಾಮಾನು ಅಂತ ಬರೆಸಿ, ಹೊಸ ಮಾಲಿನ ಜೊತೆಯಲ್ಲೇ ಪೆಟ್ಟಿಗೆಗೆ ತುಂಬಿ ರವಾನಿಸೋದು ಈ ಜಾಲದ ದಾರಿ. ಅಲ್ಲಿಗೆ ತಲುಪಿದ ಮೇಲೆ ಅದೇ ಸಾಮಾನು ಸಾವಿರ ವರ್ಷದ ಪ್ರಾಚೀನ ಕಲಾಕೃತಿ! 2008ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ ಈ ನಟರಾಜನನ್ನು ಸುಮಾರು 50 ಲಕ್ಷ ಅಮೆರಿಕನ್ ಡಾಲರ್ ಕೊಟ್ಟು ಕೊಂಡಿತು. ಜೊತೆಗೊಂದು ಕಾಗದ ಇತ್ತು. ಭಾರತ ಕಾಯಿದೆ ಮಾಡೋದಕ್ಕೆ ಮುಂಚೆಯೇ ಈ ವಿಗ್ರಹ ದೇಶ ಬಿಟ್ಟಿತ್ತು ಅನ್ನೋ ಅರ್ಥದ ಕಾಗದ. ಶುದ್ಧ ಸುಳ್ಳು.

ಸುಳ್ಳು ಬಯಲಾಗಿದ್ದು ಹೇಗೆ? ಒಂದು ಫೋಟೋದಿಂದ. ಪುದುಚೇರಿಯಲ್ಲಿ ಫ್ರೆಂಚರ ಒಂದು ಸಂಶೋಧನಾ ಸಂಸ್ಥೆ ಇದೆ. ಅಲ್ಲಿಯವರು ದಶಕಗಳ ಕಾಲ ಊರೂರು ಅಲೆದು ದೇವಸ್ಥಾನಗಳ ವಿಗ್ರಹಗಳ ಫೋಟೋ ತೆಗೆದು ಜೋಡಿಸಿಟ್ಟಿದ್ದರು. ಶ್ರೀಪುರಂದಾನಿನ ನಟರಾಜ ತನ್ನ ಗುಡಿಯಲ್ಲೇ ಇದ್ದಾಗಿನ ಫೋಟೋ ಅಲ್ಲಿತ್ತು. ಇಟ್ಟು ನೋಡಿದರೆ ಅದೇ ಕೈ, ಅದೇ ಪ್ರಭಾವಳಿ. 2011ರಲ್ಲಿ ಕಪೂರ್ ಜರ್ಮನಿಯ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ. 2012ರಲ್ಲಿ ಜರ್ಮನಿ ಅವನನ್ನು ಭಾರತಕ್ಕೆ ಒಪ್ಪಿಸಿತು. 2014ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಪ್ರಧಾನಿ ಟೋನಿ ಅಬಾಟ್ ದೆಹಲಿಗೆ ಬಂದಾಗ ನಟರಾಜನನ್ನು ಕೈಯಾರೆ ವಾಪಸ್ ಕೊಟ್ಟರು. 2022ರ ನವೆಂಬರಿನಲ್ಲಿ ಕುಂಭಕೋಣದ ಕೋರ್ಟು ಕಪೂರನಿಗೆ 10 ವರ್ಷ ಸಜೆ ಹಾಕಿತು.

ಒಂದು ಹಳ್ಳಿಯ ಕಳವಿಗೆ ಭಾರತ, ಅಮೆರಿಕ, ಜರ್ಮನಿ, ಆಸ್ಟ್ರೇಲಿಯಾ, ನಾಲ್ಕು ದೇಶ ಸೇರಿ ಕೆಲಸ ಮಾಡಿದವು. ಆ ಒಂದು ಫೋಟೋ ಇಲ್ಲದಿದ್ದರೆ ನಾಲ್ಕು ದೇಶವೂ ಕೈಕಟ್ಟಿ ಕೂತಿರಬೇಕಿತ್ತು.

ಲಂಡನ್ ಕೋರ್ಟಿನಲ್ಲಿ ಶಿವ

ಇದಕ್ಕಿಂತ ಹಳೆಯದು, ಸ್ವಾರಸ್ಯದ್ದು, ಪತ್ತೂರು ನಟರಾಜನ ಕೇಸು. ಅದೂ ತಮಿಳುನಾಡಿನದೇ. 1976ರಲ್ಲಿ ಕೂಲಿಯವನೊಬ್ಬನಿಗೆ ನೆಲ ಅಗೆಯುವಾಗ ಸಿಕ್ಕಿದ ವಿಗ್ರಹ. ಅವನು ಸರಕಾರಕ್ಕೆ ಹೇಳಲಿಲ್ಲ, ಮಾರಿದ. ಕೈ ಬದಲಾಗಿ ಬದಲಾಗಿ ಲಂಡನ್ನಿಗೆ ಹೋಯಿತು. 1982ರಲ್ಲಿ ಕೆನಡಾದ ಕಂಪನಿಯೊಂದು ಕೊಂಡಿತು. ರಿಪೇರಿಗೆ ಅಂತ ಕೊಟ್ಟಿದ್ದಾಗ ಲಂಡನ್ ಪೊಲೀಸರು ಜಪ್ತಿ ಮಾಡಿದರು. ಕಂಪನಿ ಪೊಲೀಸರ ಮೇಲೇ ದಾವೆ ಹೂಡಿತು.

ಭಾರತ ಸರಕಾರ ಹೋಯಿತು, ತಮಿಳುನಾಡು ಸರಕಾರ ಹೋಯಿತು. ಅವರ ಜೊತೆ ಪಾಳುಬಿದ್ದ ಆ ದೇವಸ್ಥಾನವೇ ಒಂದು ಪಾರ್ಟಿ! ನಮ್ಮ ಕಾನೂನಿನಲ್ಲಿ ದೇವರಿಗೆ ಆಸ್ತಿ ಇರಬಹುದು, ದೇವರು ದಾವೆ ಹೂಡಬಹುದು, ಇದು ನಂಜನಗೂಡಿನ ವಕೀಲರಿಗೆಲ್ಲ ಗೊತ್ತಿರೋದೇ. ಆದರೆ ಇಂಗ್ಲೆಂಡಿನ ನ್ಯಾಯಾಧೀಶರಿಗೆ? ಅವರೂ ಒಪ್ಪಿಕೊಂಡರು. ವಿಗ್ರಹಕ್ಕೆ ಅಂಟಿದ್ದ ಮಣ್ಣನ್ನೂ ಊರಿನ ಮಣ್ಣನ್ನೂ ಹೋಲಿಸಿದರು. ಗೆದ್ದಲಿನ ಗುರುತನ್ನು ಕೂಡ ನೋಡಿದರಂತೆ. 1988ರಲ್ಲಿ ಒಂದು ತೀರ್ಪು, 1991ರಲ್ಲಿ ಅಪೀಲಿನ ತೀರ್ಪು, ಎರಡರಲ್ಲೂ ಕಂಪನಿಗೆ ಸೋಲು. ಆ ವರ್ಷವೇ ನಟರಾಜ ವಾಪಸ್ ಬಂದ. ಒಂದು ವಿಗ್ರಹಕ್ಕೆ ಹದಿನೈದು ವರ್ಷ. ಸಿವಿಲ್ ವ್ಯಾಜ್ಯ ಅಂದಮೇಲೆ ಅದೇನು ಹೆಚ್ಚಲ್ಲ ಬಿಡಿ, ನಮ್ಮಲ್ಲಿ ಓಣಿ ಜಗಳಕ್ಕೇ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ.

ಇನ್ನು ಕಾಯಿದೆ, ಒಪ್ಪಂದ. ಬೇಸರ ಮಾಡಿಕೊಳ್ಳಬೇಡಿ, ಸಣ್ಣದಾಗಿ ಹೇಳುತ್ತೇನೆ. 1970ರಲ್ಲಿ ಯುನೆಸ್ಕೋ ಒಂದು ಒಡಂಬಡಿಕೆ ಮಾಡಿತು. ಒಂದು ದೇಶದಿಂದ ಕದ್ದ ಸಾಂಸ್ಕೃತಿಕ ಆಸ್ತಿಯನ್ನು ಇನ್ನೊಂದು ದೇಶ ಒಳಗೆ ಬಿಟ್ಟುಕೊಳ್ಳಬಾರದು, ಸಿಕ್ಕರೆ ವಾಪಸ್ ಕೊಡಬೇಕು ಅನ್ನೋದು ಸಾರಾಂಶ. ಭಾರತ 1977ರಲ್ಲಿ ಒಪ್ಪಿತು. ಅಮೆರಿಕ 1983ರಲ್ಲಿ, ಆಸ್ಟ್ರೇಲಿಯಾ 1989ರಲ್ಲಿ. ಬ್ರಿಟನ್? 2002ರಲ್ಲಿ! ಹರಾಜು ಅಂಗಡಿಗಳು ಎಲ್ಲಿ ಜಾಸ್ತಿಯೋ ಅಲ್ಲಿ ಮನಸ್ಸು ಮಾಡೋದಕ್ಕೆ ಮೂವತ್ತು ವರ್ಷ ಬೇಕಾಯಿತು. ಕಾರಣ ನೀವೇ ಊಹಿಸಿ.

ಈ ಒಡಂಬಡಿಕೆಗೆ ಒಂದು ದೊಡ್ಡ ಕಿಂಡಿ ಇದೆ. ಅದು ಹಿಂದಿನದಕ್ಕೆ ಅನ್ವಯ ಆಗೋದಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಅರಮನೆಯಿಂದ ಹೊತ್ತುಕೊಂಡು ಹೋದ ಮಾಲಿಗೆ ಇದರಲ್ಲಿ ಜಾಗವಿಲ್ಲ. ಟಿಪ್ಪುವಿನ ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಕೂತಿದೆ. ಅವನ ಖಡ್ಗ 2023ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹರಾಜಾಯಿತು. ಇನ್ನೂ ಒಂದು ತಮಾಷೆ ಕೇಳಿ. ಅವನ ಸಿಂಹಾಸನದ ಚಿನ್ನದ ಹುಲಿತಲೆ ಒಂದು ಮಾರಾಟಕ್ಕೆ ಬಂದಾಗ, 2021ರ ನವೆಂಬರಿನಲ್ಲಿ ಬ್ರಿಟಿಷ್ ಸರಕಾರ ಅದನ್ನು ದೇಶದಿಂದ ಹೊರಗೆ ಒಯ್ಯಬಾರದು ಅಂತ ತಾತ್ಕಾಲಿಕ ತಡೆ ಹಾಕಿತು. ಬ್ರಿಟನ್ನಿನ ಪರಂಪರೆ ಕಳೆದುಹೋದೀತು ಅಂತ! ಕೊಳ್ಳೆ ಹೊಡೆದು ತಂದ ಮಾಲಿಗೂ ರಫ್ತು ನಿಷೇಧ.

ಅದೇ ಟಿಪ್ಪು ನಂಜನಗೂಡಿಗೆ ಕೊಟ್ಟ ಪಚ್ಚೆ ಲಿಂಗ ಮಾತ್ರ ಶ್ರೀಕಂಠೇಶ್ವರನ ಸನ್ನಿಧಿಯಲ್ಲೇ ಉಳಿದಿದೆ. ಆನೆಯ ಕಣ್ಣು ವಾಸಿಯಾಯಿತು ಅಂತ ಹಕೀಮ್ ನಂಜುಂಡ ಎಂದು ಕರೆದು ಕೊಟ್ಟ ಕಾಣಿಕೆ ಅನ್ನೋದು ಸ್ಥಳದ ಪ್ರತೀತಿ. ಅರಮನೆಯಲ್ಲಿದ್ದದ್ದು ಹೋಯಿತು, ದೇವಸ್ಥಾನಕ್ಕೆ ಸೇರಿದ್ದು ಉಳಿಯಿತು. ದೊಡ್ಡ ಜಾತ್ರೆ, ಸಾವಿರಾರು ಕಣ್ಣು, ನಿತ್ಯಪೂಜೆ, ಲೆಕ್ಕದ ಪುಸ್ತಕ. ಇದ್ದರೆ ಹೀಗಿರಬೇಕು. ಆದರೆ ಎಲ್ಲ ದೇವರಿಗೂ ನಂಜುಂಡನ ಅದೃಷ್ಟ ಇರೋದಿಲ್ಲ. ರಾಜ್ಯದ ಮುಜರಾಯಿ ದೇವಸ್ಥಾನಗಳಲ್ಲಿ ಬಹುಪಾಲು ಸಿ ದರ್ಜೆಯವು, ಅಂದರೆ ವರ್ಷದ ಆದಾಯ 5 ಲಕ್ಷದ ಒಳಗೆ. ಅದರಲ್ಲೂ ಎಷ್ಟೋ ಗುಡಿಗಳಿಗೆ ಎಣ್ಣೆಗೇ ಕಷ್ಟ. ಸಿಸಿ ಕ್ಯಾಮೆರಾ ಹಾಕಿ ಅಂತ ಸಲಹೆ ಕೊಡೋದು ಸುಲಭ, ಕರೆಂಟ್ ಬಿಲ್ ಯಾರು ಕಟ್ಟೋದು?

ಅಂಗಡಿಯವರೇ, ಇದು ನಿಮಗೆ

ನಮ್ಮ ದೇಶದ ಕಾಯಿದೆ 1972ರದ್ದು, ಜಾರಿಗೆ ಬಂದಿದ್ದು 1976ರ ಏಪ್ರಿಲಿನಲ್ಲಿ. ಪ್ರಾಚೀನ ವಸ್ತುಗಳ ಕಾಯಿದೆ ಅಂತ ಕರೆಯೋಣ. 100 ವರ್ಷ ದಾಟಿದ ವಿಗ್ರಹ, ನಾಣ್ಯ, ಕೆತ್ತನೆ, ಚಿತ್ರ ಎಲ್ಲ ಇದರೊಳಗೆ ಬಂತು. ಬೆಲೆಯುಳ್ಳ ಹಸ್ತಪ್ರತಿಯಾದರೆ 75 ವರ್ಷ ಸಾಕು. ಇಂಥ ವಸ್ತುವನ್ನು ಖಾಸಗಿಯವರು ಯಾರೂ ದೇಶದಿಂದ ಹೊರಗೆ ಕಳಿಸೋ ಹಾಗಿಲ್ಲ. ಕಳಿಸಿದರೆ ಆರು ತಿಂಗಳಿಗೆ ಕಡಿಮೆ ಇಲ್ಲದ, ಮೂರು ವರ್ಷದವರೆಗಿನ ಜೈಲು, ಮೇಲೆ ದಂಡ. ದೇಶದ ಒಳಗೆ ವ್ಯಾಪಾರ ಮಾಡಬೇಕಾದರೂ ಲೈಸೆನ್ಸು ಬೇಕು. ಕಲ್ಲು, ಲೋಹ, ದಂತದ ಹಳೇ ವಿಗ್ರಹ ಮನೆಯಲ್ಲಿದ್ದರೆ ನೋಂದಣಿ ಮಾಡಿಸಬೇಕು.

ಎಷ್ಟು ಜನಕ್ಕೆ ಇದು ಗೊತ್ತು? ಬೀದಿಯಲ್ಲಿ ಹಳೇ ಹಿತ್ತಾಳೆ, ಹಳೇ ಕಂಚು ಅಂತ ಕೂಗಿಕೊಂಡು ಬರುವವನಿಗೆ ಅಜ್ಜಿಯ ಕಾಲದ ದೀಪ, ಮುರಿದ ಗಂಟೆ, ಯಾರೂ ಪೂಜೆ ಮಾಡದ ಮುಖವಾಡ ತೂಕದ ಲೆಕ್ಕದಲ್ಲಿ ಕೊಟ್ಟುಬಿಡುತ್ತೇವೆ. ಬದಲಿಗೆ ಸ್ಟೀಲ್ ಪಾತ್ರೆ. ಕೊಂಡ ಗುಜರಿಯವನು ಬಹುಪಾಲು ಬಡವ, ಅವನಿಗೂ ಕಿಲೋ ಲೆಕ್ಕವೇ ಗೊತ್ತಿರೋದು. ಆದರೆ ನಡುವೆ ಒಬ್ಬ ಬರುತ್ತಾನೆ. ಅವನು ತೂಕ ಮಾಡೋದಿಲ್ಲ, ಮಗುಚಿ ನೋಡುತ್ತಾನೆ. ಪೀಠದ ಅಡಿ ನೋಡುತ್ತಾನೆ, ಅಕ್ಷರ ಇದೆಯೋ ನೋಡುತ್ತಾನೆ. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಆಮೇಲೆ ಬರುತ್ತೇನೆ ಅಂತ ಹೋಗುತ್ತಾನೆ. ಅಂಥವನು ನಿಮ್ಮ ಅಂಗಡಿಗೆ ಬಂದರೆ ಹುಷಾರು. ನಮ್ಮ ದೇವರ ಫೋಟೋ ನಮ್ಮ ಹತ್ತಿರ ಇಲ್ಲ, ಅವನ ಹತ್ತಿರ ಇದೆ!

ಇನ್ನೊಂದು ಪೀಡೆ ನಿಧಿಗಳ್ಳರದು. ಇವರಿಗೆ ವಿಗ್ರಹದ ಬೆಲೆಯೂ ಬೇಕಿಲ್ಲ. ಅಮಾವಾಸ್ಯೆ ರಾತ್ರಿ ನಿಂಬೆಹಣ್ಣು, ಕುಂಕುಮ, ಹಾರೆ, ಗುದ್ದಲಿ. ಬಸವನ ಹೊಟ್ಟೆಯಲ್ಲಿ ಚಿನ್ನ ಇದೆ ಅಂತ ಯಾರೋ ಹೇಳಿರುತ್ತಾನೆ, ಇವರು ಬಸವನನ್ನೇ ಒಡೆಯುತ್ತಾರೆ. ಲಿಂಗದ ಪೀಠ ಎಬ್ಬಿಸುತ್ತಾರೆ. ಒಳಗೆ ಸಿಗೋದು ಮಣ್ಣು. ಕಳ್ಳಸಾಗಣೆಯಲ್ಲಿ ಹೋದ ವಿಗ್ರಹ ಎಲ್ಲೋ ಒಂದು ಕಡೆ ಇಡಿಯಾಗಿ ಇರುತ್ತದೆ, ಒಡೆದದ್ದು ಹೋಯಿತೆಂದರೆ ಹೋಯಿತು. ಗಂಗರ ರಾಜಧಾನಿಯಾಗಿದ್ದ ತಲಕಾಡಿನ ಮರಳು ಇಂಥ ಆಸೆಗೆ ಹೇಳಿ ಮಾಡಿಸಿದ ಜಾಗ. ಮರಳಿನಡಿ ಇರೋದು ನಿಜವಾಗಿ ಏನು ಅಂತ ತೋರಿಸಿದ್ದು ಪುರಾತತ್ವದವರ ಶಾಸ್ತ್ರೀಯ ಉತ್ಖನನ, ಮಾಂತ್ರಿಕರಲ್ಲ. ಟಿ. ನರಸೀಪುರದಲ್ಲೂ ಡಾ. ಎಂ. ಶೇಷಾದ್ರಿಯವರು ಅಗೆಸಿ ನವಶಿಲಾಯುಗದ ನೆಲೆ ತೋರಿಸಿಕೊಟ್ಟರು, ವರದಿ 1971ರಲ್ಲಿ ಅಚ್ಚಾಯಿತು. ಅಲ್ಲಿ ಸಿಕ್ಕಿದ್ದು ಮಡಕೆ, ಕಲ್ಲಿನ ಹತಾರ, ಮನುಷ್ಯರ ಮೂಳೆ. ಚಿನ್ನದ ಕೊಡ ಅಲ್ಲ.

ನೆಲದಲ್ಲಿ ಏನಾದರೂ ಸಿಕ್ಕರೆ? ನಿಧಿ ಕಾಯಿದೆ ಅಂತ 1878ರದ್ದೊಂದು ಇದೆ. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದು ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು ಅನ್ನುತ್ತದೆ. ಹತ್ತು ರೂಪಾಯಿ! ಇವತ್ತು ಅದಕ್ಕೆ ಒಂದು ಕಾಫಿಯೂ ಬರೋದಿಲ್ಲ. ಸಿಕ್ಕಿದವನಿಗೆ ಹೆದರಿಕೆ, ಹೇಳಿದರೆ ಹೊಲವನ್ನೇ ಸರಕಾರ ಕಿತ್ತುಕೊಂಡೀತು ಅಂತ. ಆ ಹೆದರಿಕೆಯನ್ನು ತಾಲ್ಲೂಕು ಕಚೇರಿಯವರು ಹೋಗಲಾಡಿಸಬೇಕು. ಪ್ರಾಮಾಣಿಕವಾಗಿ ತಂದುಕೊಟ್ಟ ರೈತನನ್ನು ಹತ್ತು ಸಲ ಅಲೆಸಿದರೆ, ಮುಂದಿನ ರೈತ ಪತ್ತೂರಿನ ಕೂಲಿಯವನ ದಾರಿಯನ್ನೇ ಹಿಡಿಯುತ್ತಾನೆ.

ಅಮೆರಿಕದ ಲೆಕ್ಕ

ಈಗ ಒಳ್ಳೆಯ ಸುದ್ದಿಗೆ ಬರೋಣ. ಸರಕಾರ ಹೇಳೋ ಲೆಕ್ಕದಲ್ಲಿ 1976ರಿಂದ 2013ರವರೆಗೆ ವಾಪಸ್ ಬಂದಿದ್ದು ಬರೀ 13 ವಸ್ತು. 2014ರಿಂದ 2024ರ ಸೆಪ್ಟೆಂಬರ್ ಹೊತ್ತಿಗೆ 640. ಅದರಲ್ಲಿ ಅಮೆರಿಕ ಒಂದೇ 578 ಕೊಟ್ಟಿದೆ. ನ್ಯೂಯಾರ್ಕಿನ ಮ್ಯಾನ್‌ಹಟನ್ ಜಿಲ್ಲಾ ಅಟಾರ್ನಿ ಕಚೇರಿಯಲ್ಲಿ ಪ್ರಾಚೀನ ವಸ್ತುಗಳ ಕಳ್ಳಸಾಗಣೆಗೆಂದೇ ಒಂದು ವಿಭಾಗ ಇದೆ, ಕಪೂರನ ಗೋದಾಮುಗಳಿಂದ ಹಿಡಿದ ಮಾಲೇ ರಾಶಿ ರಾಶಿ. 2024ರ ಜುಲೈ 26ರಂದು ದೆಹಲಿಯಲ್ಲಿ ಭಾರತ ಮತ್ತು ಅಮೆರಿಕ ಸಾಂಸ್ಕೃತಿಕ ಆಸ್ತಿ ಒಪ್ಪಂದಕ್ಕೆ ಸಹಿ ಹಾಕಿದವು. 1970ರ ಒಡಂಬಡಿಕೆಯ ದಾರಿಯಲ್ಲೇ ಮಾಡಿಕೊಂಡ, ಎರಡೇ ದೇಶದ ಒಪ್ಪಂದ. ಇದರ ಉದ್ದೇಶ ಸುಲಭ: ಪಟ್ಟಿಗೆ ಸೇರಿದ ಮಾಲು ಭಾರತದ ಪರವಾನಗಿ ಕಾಗದ ಇಲ್ಲದೆ ಬಂದರೆ ಅಮೆರಿಕದ ಕಸ್ಟಮ್ಸ್‌ನವರು ಬಂದರಿನಲ್ಲೇ ತಡೆಯಬೇಕು. ಮ್ಯೂಸಿಯಂ ಬಾಗಿಲಿಗೆ ಹೋಗಿ ಜಗಳ ಆಡೋದಕ್ಕಿಂತ ಇದು ಮೇಲು.

ಕೇಳೋದಕ್ಕೆ ಚೆಂದ. ಈ ವರದಿಗಾರನಿಗೆ ಇರೋ ಅನುಮಾನ ಬೇರೆ. ವಾಪಸ್ ಬಂದ ದೇವರು ಎಲ್ಲಿಗೆ ಹೋಗುತ್ತಾನೆ? ಎಷ್ಟೋ ವಿಗ್ರಹಗಳು ಯಾವ ರಾಜ್ಯದ್ದು, ಯಾವ ಊರಿನದು ಅಂತ ಖಚಿತವಾಗಿ ಗೊತ್ತಿಲ್ಲ. ಪೊಲೀಸು ಕಂಪ್ಲೇಂಟ್ ಇಲ್ಲ, ಫೋಟೋ ಇಲ್ಲ. ದೆಹಲಿಯ ಪುರಾನಾ ಕಿಲಾದಲ್ಲಿ 2019ರಲ್ಲಿ ಜಪ್ತಿಯಾದ, ಮರಳಿ ಬಂದ ವಸ್ತುಗಳಿಗೆಂದೇ ಒಂದು ಗ್ಯಾಲರಿ ತೆರೆದರು. ಡೆಡ್ ಲೆಟರ್ ಆಫೀಸ್ ಇತ್ತಲ್ಲ ಅಂಚೆಯಲ್ಲಿ, ವಿಳಾಸ ತಿಳಿಯದ ಕಾಗದಗಳಿಗೆ? ಹಾಗೆಯೇ. ವಿಳಾಸ ಇದ್ದ ದೇವರು ಊರ ಕಡೆ ಬರುತ್ತಾನೆ. ವಿಳಾಸ ಇಲ್ಲದವನು ದೆಹಲಿಯಲ್ಲೇ.

ನಮ್ಮ ಭಾಗದ ಕಲ್ಲಿಗಾದರೆ ಒಂದು ಪುಣ್ಯ ಇದೆ. ಬಿ.ಎಲ್. ರೈಸ್ 1894ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕದ ಮೂರನೇ ಸಂಪುಟದಲ್ಲಿ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳನ್ನು ಊರು ಊರಿನ ಹೆಸರು ಹಾಕಿ ಅಚ್ಚು ಮಾಡಿಸಿದ. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯ ಪರಿಷ್ಕರಿಸಿ ಹೊರತಂದಿತು. ಇವತ್ತು ಯಾವ ಊರಿನ ಶಾಸನದ ಕಲ್ಲು ಎದ್ದುಹೋದರೂ, ಅದರ ಮೇಲಿನ ಅಕ್ಷರವೇ ಅದರ ವಿಳಾಸ. ಸೋಮನಾಥಪುರದ ಮಲ್ಲಿತಮ್ಮನ ಸಹಿಯೂ ಹಾಗೇ ಅನ್ನಿ. ಅಕ್ಷರ ಇಲ್ಲದ ವೀರಗಲ್ಲು, ಮಾಸ್ತಿಕಲ್ಲು, ಊರಮುಂದಿನ ಕಂಚಿನ ಅಮ್ಮ, ಇವರಿಗೆ ಆ ಪುಣ್ಯವೂ ಇಲ್ಲ. ಎಷ್ಟು ವೀರಗಲ್ಲು ಬಟ್ಟೆ ಒಗೆಯೋ ಕಲ್ಲಾಗಿವೆ, ಎಷ್ಟು ಮೋರಿಗೆ ಹಾಸಾಗಿವೆ! ಅದನ್ನು ಮಾಡಿದ್ದು ಪರದೇಶದವರಲ್ಲ.

ಹಾಗಾದರೆ ಮಾಡೋದೇನು? ಒಂದು ಭಾನುವಾರ ಸಾಕು. ಊರಿನ ಹುಡುಗರ ಕೈಯಲ್ಲಿ ಎಲ್ಲರಲ್ಲೂ ಕ್ಯಾಮೆರಾ ಫೋನಿದೆ. ಅರ್ಚಕರನ್ನು ಕೇಳಿ, ಮಡಿ ಮೈಲಿಗೆ ಏನಿದೆಯೋ ಪಾಲಿಸಿ, ಅಲಂಕಾರ ತೆಗೆದಾಗ ಫೋಟೋ ತೆಗೆಯಿರಿ. ಹೂವಿನಲ್ಲಿ ಮುಚ್ಚಿಹೋದ ದೇವರ ಫೋಟೋ ಕೋರ್ಟಿಗೆ ಉಪಯೋಗವಿಲ್ಲ. ಎದುರು, ಹಿಂಭಾಗ, ಎರಡು ಪಕ್ಕ, ಪೀಠದ ಅಡಿ. ಪಕ್ಕದಲ್ಲಿ ಒಂದು ಸ್ಕೂಲು ಅಳತೆಪಟ್ಟಿ ಇಡಿ. ಮುಕ್ಕಾದ ಬೆರಳು, ಬೆಸುಗೆ ಹಾಕಿದ ಜಾಗ, ಗೀರು, ಇವುಗಳನ್ನು ಹತ್ತಿರದಿಂದ ತೆಗೆಯಿರಿ. ನಕಲು ಯಾವುದು, ಅಸಲು ಯಾವುದು ಅಂತ ಹೇಳೋದು ಮುಖ ಅಲ್ಲ, ಇಂಥ ಗಾಯಗಳು. ಎತ್ತರ, ತೂಕ, ಯಾವ ಲೋಹ, ಯಾರ ವಶದಲ್ಲಿದೆ, ಒಂದು ಹಾಳೆಯಲ್ಲಿ ಬರೆದು ತಾರೀಖು ಹಾಕಿ. ಒಂದು ಪ್ರತಿ ಪೊಲೀಸ್ ಠಾಣೆಗೆ, ಒಂದು ತಹಸೀಲ್ದಾರರಿಗೆ. ಪುರಾತತ್ವ ಇಲಾಖೆಯ ಕಚೇರಿ ಮೈಸೂರಿನಲ್ಲೇ ಇದೆ, ಅಲ್ಲಿಗೂ ಒಂದು. ಫೋಟೋ ಮಾತ್ರ ವಾಟ್ಸಾಪ್ ಗುಂಪಿಗೆಲ್ಲ ಹಂಚಬೇಡಿ. ಅದು ಕಳ್ಳನಿಗೆ ಕಳಿಸಿದ ಕ್ಯಾಟಲಾಗು ಆದೀತು.

ಕಳವಾದರೆ ಅದೇ ದಿನ ಕಂಪ್ಲೇಂಟ್ ಕೊಡಿ. ಊರ ಮರ್ಯಾದೆ ಹೋಗುತ್ತದೆ, ಮುಂದಿನ ವಾರ ಅಮ್ಮನ ಹಬ್ಬ ಇದೆ, ಮೈಸೂರಿನಿಂದ ಒಂದು ಹೊಸ ವಿಗ್ರಹ ತಂದು ಕೂರಿಸಿಬಿಡೋಣ ಅನ್ನೋ ಹಿರಿಯರು ಎಲ್ಲ ಊರಲ್ಲೂ ಇರುತ್ತಾರೆ. ಹೊಸದನ್ನು ಕೂರಿಸಿ, ಬೇಡ ಅನ್ನೋದಿಲ್ಲ. ಆದರೆ ಎಫ್‌ಐಆರ್ ನಂಬರು ಕೈಗೆ ಬಂದ ಮೇಲೆ ಕೂರಿಸಿ. ಆ ನಂಬರಿನಿಂದಲೇ ಸುದ್ದಿ ಸಿಬಿಐ ಮೂಲಕ ಇಂಟರ್‌ಪೋಲ್‌ಗೆ ಹೋಗಬೇಕು. ಇಂಟರ್‌ಪೋಲ್‌ನವರ ಹತ್ತಿರ ಕಳವಾದ ಕಲಾವಸ್ತುಗಳ ಒಂದು ದೊಡ್ಡ ಪಟ್ಟಿ ಇದೆ, 50 ಸಾವಿರಕ್ಕೂ ಹೆಚ್ಚು. 2021ರಲ್ಲಿ ಅದಕ್ಕೆ ಐಡಿ-ಆರ್ಟ್ ಅನ್ನೋ ಮೊಬೈಲ್ ಆ್ಯಪ್ ಬಿಟ್ಟರು. ದುಡ್ಡಿಲ್ಲ, ಪುಕ್ಕಟೆ. ನ್ಯೂಯಾರ್ಕಿನ ಗಿರಾಕಿಯೊಬ್ಬ ಕೊಳ್ಳೋ ಮುಂಚೆ ಆ ಪಟ್ಟಿ ನೋಡಬಹುದು, ನೀವೂ ಬಸ್ಸಿನಲ್ಲಿ ಕೂತು ನೋಡಬಹುದು. ಹುಡುಕಿ ನೋಡಿ, ನಮ್ಮ ತಾಲ್ಲೂಕುಗಳ ದೇವರು ಅದರಲ್ಲಿ ಎಷ್ಟು ಜನ ಇದ್ದಾರೆ ಅಂತ.